ಚೆನ್ನಾಗಿ ಕುಣಿದವನಿಗೆ ಕ್ಷಮೆ

ಸುಳ್ಳು ಹೇಳಿದವನು ಬದುಕುತ್ತಾನೆ, ನಿಜ ಹೇಳಿದವನು ಸಾಯುತ್ತಾನೆ. ‘ಜೀಸೆಲ್’ ಬ್ಯಾಲೆಯ ಕಥೆಯನ್ನು ಇಷ್ಟೇ ಹೇಳಿದರೆ ಯಾರಿಗಾದರೂ ಸಿಟ್ಟು ಬರಬೇಕು. ಆದರೆ 1841ರಲ್ಲಿ ಪ್ಯಾರಿಸ್ಸಿನ ಒಪೆರಾದಲ್ಲಿ ಅದು ಮೊದಲ ಸಲ ರಂಗಕ್ಕೆ ಬಂದಾಗಿನಿಂದ ನೋಡಿದವರು ಸಿಟ್ಟಾಗುವುದಕ್ಕಿಂತ ಕಣ್ಣೊರೆಸಿಕೊಂಡದ್ದೇ ಹೆಚ್ಚು. ಹೀಗೇಕೆ?

ಜೀಸೆಲ್ ಹಳ್ಳಿಯ ಹುಡುಗಿ. ಕುಣಿತವೆಂದರೆ ಪ್ರಾಣ, ಆದರೆ ಹೃದಯ ದುರ್ಬಲ. ಅವಳನ್ನು ಒಲಿಸಿಕೊಂಡ ಆಲ್‌ಬ್ರೆಕ್ಟ್ ಹಳ್ಳಿಗನ ವೇಷ ಹಾಕಿರುವ ಶ್ರೀಮಂತ. ಬಾಥಿಲ್ಡ್ ಎಂಬ ದೊಡ್ಡ ಮನೆತನದ ಹೆಣ್ಣಿನೊಂದಿಗೆ ಅವನಿಗೆ ಆಗಲೇ ನಿಶ್ಚಿತಾರ್ಥವಾಗಿದೆ. ಜೀಸೆಲ್‌ಳನ್ನು ಪ್ರೀತಿಸುವ ಕಾಡಿನ ಕಾವಲುಗಾರ ಹಿಲಾರಿಯನ್, ಅವನು ಬಚ್ಚಿಟ್ಟ ಕತ್ತಿಯನ್ನು ತಂದು ಎಲ್ಲರೆದುರು ಗುಟ್ಟು ಬಯಲು ಮಾಡುತ್ತಾನೆ. ಹುಡುಗಿ ಮತಿಗೆಟ್ಟು ಸಾಯುತ್ತಾಳೆ. ಎರಡನೆಯ ಅಂಕ ನಡೆಯುವುದು ಅವಳ ಸಮಾಧಿಯ ಬಳಿ. ಮದುವೆಗೆ ಮೊದಲೇ ಸತ್ತ ಹುಡುಗಿಯರ ಪ್ರೇತಗಳು, ವಿಲಿಗಳು, ರಾತ್ರಿ ಕೈಗೆ ಸಿಕ್ಕ ಗಂಡಸನ್ನು ಸಾಯುವ ತನಕ ಕುಣಿಸುತ್ತವೆ. ಹಿಲಾರಿಯನ್ ಹಾಗೆ ಸಾಯುತ್ತಾನೆ. ಆಲ್‌ಬ್ರೆಕ್ಟ್‌ನನ್ನು ಮಾತ್ರ ಜೀಸೆಲ್‌ಳ ಪ್ರೇತವೇ ಬೆಳಗಾಗುವವರೆಗೆ ಕಾಪಾಡುತ್ತದೆ.

ಇದೆಲ್ಲವನ್ನೂ ಒಂದು ಮಾತೂ ಇಲ್ಲದೆ ಹೇಳಬೇಕು. ಬ್ಯಾಲೆಯಲ್ಲಿ ಅತ್ತೆಯರಿಲ್ಲ ಎಂದು ನೃತ್ಯ ಸಂಯೋಜಕ ಬಾಲಾಂಚಿನ್ ತಮಾಷೆ ಮಾಡುತ್ತಿದ್ದರಂತೆ: ಇವಳು ಅವನ ಅತ್ತೆ ಎಂಬುದನ್ನು ಕಾಲಿನಲ್ಲಿ ಹೇಳುವುದು ಹೇಗೆ? ‘ಹಿಂದೆ ಹೀಗಾಗಿತ್ತು’ ಎನ್ನುವುದಂತೂ ಇನ್ನೂ ಕಷ್ಟ. ‘ಜೀಸೆಲ್’ ಅದಕ್ಕೊಂದು ದಾರಿ ಕಂಡುಕೊಂಡಿದೆ. ಮೊದಲ ಅಂಕದಲ್ಲಿ ಹುಡುಗಿ ಹೂವಿನ ದಳಗಳನ್ನು ಒಂದೊಂದಾಗಿ ಕೀಳುತ್ತಾಳೆ: ಪ್ರೀತಿಸುತ್ತಾನೆ, ಇಲ್ಲ, ಪ್ರೀತಿಸುತ್ತಾನೆ. ಕೊನೆಗೆ ‘ಇಲ್ಲ’ ಬರುವ ಹಾಗಿದೆ. ಹೂವನ್ನು ಎತ್ತಿಕೊಂಡ ಆಲ್‌ಬ್ರೆಕ್ಟ್ ಮೆಲ್ಲಗೆ ಒಂದು ದಳ ಉದುರಿಸಿ, ಲೆಕ್ಕ ಸರಿಯಾಗಿದೆ ಎಂದು ತೋರಿಸುತ್ತಾನೆ. ಅವನ ಇಡೀ ಮೋಸ ಆ ಒಂದು ದಳದಲ್ಲಿದೆ. ಆಮೇಲೆ ಬುದ್ಧಿ ಕಳೆದುಕೊಂಡ ಜೀಸೆಲ್ ಬರಿಗೈಯಲ್ಲಿ, ಇಲ್ಲದ ಹೂವಿನ ದಳಗಳನ್ನು ಕೀಳುತ್ತಾಳೆ. ಅವನ ಜೊತೆ ಹಾಕಿದ್ದ ಹೆಜ್ಜೆಗಳನ್ನೇ ಅರ್ಧಂಬರ್ಧ, ತಾಳ ತಪ್ಪಿ ಹಾಕುತ್ತಾಳೆ. ನೆನಪು ಎಂದರೆ ಇಲ್ಲಿ ಮುರಿದುಹೋದ ಹೆಜ್ಜೆ. ಕಾದಂಬರಿಕಾರ ನಾಲ್ಕು ಪುಟ ಬರೆದರೂ ಇಷ್ಟನ್ನು ಹೇಳಲಾರ ಎಂದು ನನಗೆ ಅನಿಸುತ್ತದೆ.

ತೊಡಕು ಇರುವುದು ಎರಡನೆಯ ಅಂಕದಲ್ಲಿ. ವಿಲಿಗಳ ರಾಣಿ ಮಿರ್ಥಾ ಆಲ್‌ಬ್ರೆಕ್ಟ್‌ಗೆ ವಿಧಿಸಿರುವುದು ಮರಣದಂಡನೆ. ಅವನ ಒಂದೊಂದು ಹೆಜ್ಜೆಯೂ ಸಾವಿನ ಕಡೆಗಿನದು. ಕೆಲವು ನಿರ್ಮಾಣಗಳಲ್ಲಿ ಅವನು ಇದ್ದಲ್ಲೇ ಮತ್ತೆ ಮತ್ತೆ ನೆಗೆಯುತ್ತ ಗಾಳಿಯಲ್ಲೇ ಕಾಲುಗಳನ್ನು ಕತ್ತರಿಯಂತೆ ಆಡಿಸುತ್ತಾನೆ, ನಿಲ್ಲಿಸುವುದೇ ಇಲ್ಲ. ಸಭೆ ಚಪ್ಪಾಳೆ ತಟ್ಟುತ್ತದೆ. ನಾನು ಬ್ಯಾಲೆ ನೋಡಿರುವುದೆಲ್ಲ ಹಾಸ್ಟೆಲಿನ ಲ್ಯಾಪ್‌ಟಾಪಿನಲ್ಲಿ; ಅಲ್ಲಿಗೂ ಆ ಚಪ್ಪಾಳೆ ಕೇಳಿಸುತ್ತದೆ. ಸಾಯುತ್ತಿರುವವನಿಗೆ ಏತರ ಚಪ್ಪಾಳೆ? ಅದು ನರ್ತಕನಿಗೆ ಸಂದದ್ದು, ಪಾತ್ರಕ್ಕಲ್ಲ ಎನ್ನಬಹುದು. ಆದರೆ ಮನಸ್ಸು ಅವರಿಬ್ಬರನ್ನು ಅಷ್ಟು ಅಚ್ಚುಕಟ್ಟಾಗಿ ಬೇರ್ಪಡಿಸುವುದಿಲ್ಲ. ಆ ಮೈಯ ಬೆವರು ನಿಜ, ಏದುಸಿರು ನಿಜ. ಪಶ್ಚಾತ್ತಾಪದ ಮಾತು ಸುಳ್ಳಾಗಬಹುದು, ಈ ದಣಿವು ಸುಳ್ಳಲ್ಲ ಎಂದು ನಾವು ನಂಬಿಬಿಡುತ್ತೇವೆ. ದಣಿವೇ ಪಶ್ಚಾತ್ತಾಪವಾಗುವುದಿದ್ದರೆ ಹಿಲಾರಿಯನ್ನನೂ ದಣಿದಿದ್ದ. ಅವನ ಪಾಲಿಗೆ ಬಂದದ್ದು ಗಿಡ್ಡ ಕುಣಿತ, ಒರಟು ಹೆಜ್ಜೆ, ಕೊನೆಗೆ ಕೆರೆಗೆ ನೂಕುವಿಕೆ. ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆ ಇದೆಯಲ್ಲ, ಇವನಿಗೆ ನೆಲ ನಿಜವಾಗಿಯೂ ಡೊಂಕಾಗಿತ್ತು.

ಇದು ಬ್ಯಾಲೆಗೆ ಮಾತ್ರ ಅಂಟಿದ ರೋಗವೇನಲ್ಲ. ‘ಜೀಸೆಲ್’ ಕಥೆ ಕಟ್ಟಿದವರಲ್ಲಿ ಒಬ್ಬನಾದ ಕವಿ ತಿಯೋಫಿಲ್ ಗೋತಿಯೆ 1858ರಲ್ಲಿ ಅದೇ ಪ್ಯಾರಿಸ್ ಒಪೆರಾಕ್ಕೆ ಶಾಕುಂತಲದ ಕಥೆಯನ್ನೂ ಬ್ಯಾಲೆಯಾಗಿ ಬರೆದುಕೊಟ್ಟ. ಮಹಾಭಾರತದ ದುಷ್ಯಂತನಿಗೆ ಎಲ್ಲವೂ ನೆನಪಿದೆ; ಗೊತ್ತಿದ್ದೂ ಗೊತ್ತಿಲ್ಲ ಎನ್ನುತ್ತಾನೆ. ಕಾಳಿದಾಸ ದುರ್ವಾಸರ ಶಾಪವನ್ನು ತಂದು ಅವನನ್ನು ಬಿಡಿಸಿಕೊಂಡ. ಅಲ್ಲಿ ಹೆಣ್ಣನ್ನು ವಂಚಿಸಿದ ದೊರೆಗೆ ಮರೆವು ವಕೀಲಿಕೆ ಮಾಡಿತು, ಇಲ್ಲಿ ಚಂದದ ನೆಗೆತ ಮಾಡುತ್ತಿದೆ. ಶಾಪವನ್ನಾದರೂ ನಾವು ಪ್ರಶ್ನಿಸಬಹುದು, ಅದು ಕಥೆಯೊಳಗೆ ಕಾಣುವ ವಾದ. ನೆಗೆತವನ್ನು ಪ್ರಶ್ನಿಸುವುದು ಹೇಗೆ?

1841ರ ಮೂಲ ಕಥೆಯಲ್ಲಿ ಜೀಸೆಲ್ ಮಣ್ಣಿಗೆ ಮರಳುವ ಮುನ್ನ ಬಾಥಿಲ್ಡ್‌ಳತ್ತ ಕೈ ತೋರಿಸುತ್ತಾಳೆ, ಆಲ್‌ಬ್ರೆಕ್ಟ್ ಆ ನಿಶ್ಚಿತ ವಧುವಿನ ಕಡೆಗೇ ಕೈ ಚಾಚುತ್ತಾನೆ. ಇಂದಿನ ಹೆಚ್ಚಿನ ನಿರ್ಮಾಣಗಳಲ್ಲಿ ಅವನು ಸಮಾಧಿಯ ಬಳಿ ಒಬ್ಬನೇ ಉಳಿಯುತ್ತಾನೆ. ಕ್ಷಮೆ ಪಡೆದವನು ಆಸ್ತಿವಂತ ಹೆಂಡತಿಯನ್ನೂ ಪಡೆಯುವುದು ಯಾರಿಗೋ ಮುಜುಗರ ತಂದಿರಬೇಕು. ಒಂಟಿಯಾದ ಆಲ್‌ಬ್ರೆಕ್ಟ್ ಇನ್ನಷ್ಟು ಚೆಲುವನಾಗಿ ಕಾಣುತ್ತಾನೆ ಎಂಬುದು ನನ್ನ ತಕರಾರು.

ಜೀಸೆಲ್‌ಳ ಕ್ಷಮೆ ಸಣ್ಣದೆಂದು ನಾನು ಹೇಳುತ್ತಿಲ್ಲ. ಅವಳಿಗೆ ದ್ರೋಹವಾಗಿದೆ, ಕ್ಷಮಿಸುವ ಹಕ್ಕು ಅವಳದು, ಸತ್ತ ಮೇಲೂ ಅವಳದೇ. ಪ್ರೇಕ್ಷಕರಾದ ನಮಗೆ ಯಾವ ದ್ರೋಹವೂ ಆಗಿಲ್ಲ. ಆದರೂ ಅವಳ ಹೆಸರಿನಲ್ಲಿ ನಾವೂ ಕ್ಷಮಿಸಿ ಹಗುರಾಗುತ್ತೇವೆ. ಇನ್ನೊಂದು ಸಂಗತಿಯನ್ನು ಗಮನಿಸಬೇಕು. ವಿಲಿಗಳು ಹಿಲಾರಿಯನ್ನನನ್ನು ಸುತ್ತುವರಿದು ಕೊಲ್ಲುವಾಗ ಜೀಸೆಲ್ ಸಾಮಾನ್ಯವಾಗಿ ರಂಗದ ಮೇಲೆ ಇರುವುದೇ ಇಲ್ಲ. ಇದ್ದಿದ್ದರೆ ಅವಳು ಏನಾದರೂ ಮಾಡಬೇಕಾಗುತ್ತಿತ್ತು.