ರುಚಿಭೇದವೂ ಸ್ನೇಹಧರ್ಮವೂ

ಒಬ್ಬನಿಗೆ ಅಮೃತಪ್ರಾಯವಾಗಿ ತೋರುವ ವಸ್ತು ಮತ್ತೊಬ್ಬನಿಗೆ ನೀರಸವಾಗಿ ತೋರುವುದು ಲೋಕದಲ್ಲಿ ಹೊಸದಲ್ಲ. ಊಟದ ವಿಷಯದಲ್ಲಿ ಇದರಿಂದ ಯಾರಿಗೂ ಬಾಧೆಯಿಲ್ಲ. ಹಾಗಲಕಾಯಿಯನ್ನು ಒಲ್ಲದವನು ಅದನ್ನು ಎಲೆಯ ಅಂಚಿಗೆ ಸರಿಸಿ ಉಳಿದುದನ್ನು ಉಣ್ಣುತ್ತಾನೆ. ಪಕ್ಕದ ಎಲೆಯವನು ಅದಕ್ಕಾಗಿ ಮನಸ್ಸು ಕೆಡಿಸಿಕೊಳ್ಳುವುದಿಲ್ಲ. ನೋಟ, ಕೇಳಿಕೆ, ಓದುಗಳ ವಿಷಯಕ್ಕೆ ಬಂದರೆ ಹಾಗಲ್ಲ. ನಮ್ಮ ಮಿತ್ರರೆಲ್ಲರೂ ಒಂದು ವಿನೋದವನ್ನು ಮನಸಾರೆ ಮೆಚ್ಚುತ್ತಿರುವಾಗ ನಾವೊಬ್ಬರೇ ಅದರ ಸ್ವಾರಸ್ಯವನ್ನು ಕಾಣದೆ ಕುಳಿತರೆ ಅವರಿಗೂ ನಮಗೂ ಒಂದು ಬಗೆಯ ಕಸಿವಿಸಿಯಾಗುತ್ತದೆ. ಹೀಗೆ ಕಾಣದಿರುವುದು ನಮ್ಮ ವಿವೇಕವೋ, ಅರಸಿಕತೆಯೋ? ವಿವೇಕವೇ ಆದಲ್ಲಿ ಮಿತ್ರರನ್ನು ತಿದ್ದುವುದು ನಮಗೆ ಕರ್ತವ್ಯವೋ? ಈ ಪ್ರಶ್ನೆಯನ್ನು ವಾಚಕಮಹಾಶಯರ ಮುಂದಿಟ್ಟು ಸ್ವಲ್ಪ ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಪ್ರಕೃತಕ್ಕೆ ನಿದರ್ಶನವಾಗಿ ‘ಬಿಗ್ ಬಾಸ್’ ಎಂಬ ಟೀವಿ ಕಾರ್ಯಕ್ರಮವನ್ನು ತೆಗೆದುಕೊಳ್ಳುವೆನು. ಇದರ ಮೂಲ 1999ರಲ್ಲಿ ನೆದರ್ಲೆಂಡ್ಸ್ ದೇಶದಲ್ಲಿ ಆರಂಭವಾದ ‘ಬಿಗ್ ಬ್ರದರ್’. ಆ ಹೆಸರು ಆಂಗ್ಲ ಲೇಖಕ ಜಾರ್ಜ್ ಆರ್ವೆಲ್ 1949ರಲ್ಲಿ ಪ್ರಕಟಿಸಿದ ಕಾದಂಬರಿಯಿಂದ ಬಂದುದು. ಪ್ರಜೆಗಳ ಮನೆಯೊಳಗಿನ ಚಲನವಲನವನ್ನೂ ಬಿಡದೆ ನೋಡುವ ಪ್ರಭುತ್ವಕ್ಕೆ ಅಲ್ಲಿ ಆ ಹೆಸರು. ಆತನು ಭಯಕ್ಕೆ ಇಟ್ಟ ಹೆಸರು ಐವತ್ತು ವರ್ಷಗಳಲ್ಲಿ ವಿನೋದದ ಹೆಸರಾಯಿತು. 2006ರಲ್ಲಿ ಇದು ಹಿಂದಿಗೆ ಬಂದಿತು. 2013ರಲ್ಲಿ ಚಿತ್ರನಟ ಸುದೀಪರ ನಿರೂಪಣೆಯಲ್ಲಿ ಕನ್ನಡಕ್ಕೂ ಬಂದಿತು. ಕ್ರಮವನ್ನು ಎಲ್ಲರೂ ಬಲ್ಲರು. ಪರಿಚಿತರೂ ಅಪರಿಚಿತರೂ ಆದ ಕೆಲವರನ್ನು ಒಂದು ಮನೆಯಲ್ಲಿರಿಸಿ ಹೊರಲೋಕದ ವಾರ್ತೆ ಅವರಿಗೆ ಸೇರದಂತೆ ಮಾಡುತ್ತಾರೆ. ಮೂಲೆಮೂಲೆಗೂ ಕ್ಯಾಮೆರಾ ಇರುತ್ತದೆ. ವಾರವಾರವೂ ಯಾರು ಹೊರಗೆ ಹೋಗಬೇಕೆಂದು ಮನೆಯವರೇ ಪರಸ್ಪರ ಹೆಸರು ಸೂಚಿಸುತ್ತಾರೆ. ನೋಡುಗರು ಮತ ಹಾಕುತ್ತಾರೆ. ಸುಮಾರು ನೂರು ದಿನಗಳ ತರುವಾಯ ಉಳಿದವರಲ್ಲಿ ಒಬ್ಬರಿಗೆ ಬಹುಮಾನ.

2024ರ ಆವೃತ್ತಿಯು ಸೆಪ್ಟೆಂಬರ್ ಕೊನೆಯಲ್ಲಿ ಮೊದಲಾಗಿ 2025ರ ಜನವರಿಯಲ್ಲಿ ಮುಗಿಯಿತು. ಮೂಡಿಗೆರೆ ಕಳಸಗಳ ಕಡೆ ಆ ಅವಧಿಯ ಬಹುಭಾಗ ಅರೇಬಿಕಾ ಹಣ್ಣಿನ ಕೊಯ್ಲಿನ ಕಾಲ. ಹಗಲೆಲ್ಲ ತೋಟದಲ್ಲಿ ನಿಂತು, ಸಂಜೆ ಹಣ್ಣು ತೂಗಿಸಿ ಆಳುಗಳ ಲೆಕ್ಕ ಬರೆದು ದಣಿದು ಬಂದವರು ರಾತ್ರಿ ಒಂಬತ್ತೂವರೆಗೆ ಟೀವಿಯ ಮುಂದೆ ಕೂಡುತ್ತಿದ್ದರು. ಮಾರನೆಯ ದಿನ ಸೊಸೈಟಿಯ ಜಗಲಿಯಲ್ಲಿಯೂ ಮದುವೆಯ ಪಂಕ್ತಿಯಲ್ಲಿಯೂ ಅದೇ ಮಾತು. ನಮ್ಮ ವಾರದ ಗಮಕಗೋಷ್ಠಿಯೂ ಆ ತಿಂಗಳುಗಳಲ್ಲಿ ಒಂಬತ್ತಕ್ಕೆ ಮೊದಲೇ ಮಂಗಳ ಹಾಡಿತು. ಮಿತ್ರರ ಒತ್ತಾಯಕ್ಕೆ ನಾನು ಮೂರು ವಾರ ಅವರೊಡನೆ ಕುಳಿತು ನೋಡಿದೆನು. ಒಂದು ರಾತ್ರಿ ನೋಡಿ ತೀರ್ಮಾನಿಸುವುದು ತಾಳಮದ್ದಳೆಗೆ ನಡುವೆ ಬಂದು ಪ್ರಸಂಗವನ್ನು ಹಳಿದಂತೆ. ಮೂರು ವಾರಗಳಾದ ಮೇಲೆಯೂ ನನಗೆ ಅದರಲ್ಲಿ ರುಚಿ ಹುಟ್ಟಲಿಲ್ಲ.

ಮಿತ್ರರ ಪಕ್ಷವನ್ನು ಮೊದಲು ಹೇಳುವುದು ನ್ಯಾಯ. ಮನುಷ್ಯಸ್ವಭಾವವನ್ನು ಇಷ್ಟು ಹತ್ತಿರದಿಂದ ತೋರಿಸುವ ಗ್ರಂಥವಿಲ್ಲವೆಂದು ಒಬ್ಬರು ಹೇಳಿದರು. ಎಷ್ಟು ದಿನ ಮುಖವಾಡ ಧರಿಸಿದರೂ ಹಸಿವು, ನಿದ್ರೆಗೇಡು, ಒಂಟಿತನಗಳ ಮುಂದೆ ಅದು ಕಳಚುವುದೆಂದು ಇನ್ನೊಬ್ಬರ ಮಾತು. ಮೂರನೆಯವರು 2024ರ ಆವೃತ್ತಿಯನ್ನೇ ಪ್ರಮಾಣವಾಗಿ ಮುಂದಿಟ್ಟರು. ಅದರಲ್ಲಿ ಗೆದ್ದವರು ಹಾವೇರಿ ಜಿಲ್ಲೆಯ ಹಳ್ಳಿಯಿಂದ ಬಂದ ಜಾನಪದ ಗಾಯಕ ಹನುಮಂತ. ನಗರದ ನಾಗರಿಕತೆಯ ನಡುವೆ ತನ್ನ ಹಳ್ಳಿಯ ಮಾತನ್ನೂ ಉಡುಪನ್ನೂ ಬಿಡದ ಒಬ್ಬ ಹುಡುಗನನ್ನು ಜನ ಗೆಲ್ಲಿಸಿದುದು ಗುಣಪಕ್ಷಪಾತವಲ್ಲದೆ ಮತ್ತೇನೆಂದು ಅವರು ಕೇಳಿದರು. ಇವು ತಳ್ಳಿಹಾಕತಕ್ಕ ಮಾತುಗಳಲ್ಲ.

ಇನ್ನು ನನ್ನ ಅರುಚಿಗೆ ಕಾರಣವೇನು? ಜಗಳವಿದೆ, ಅಳುವಿದೆ ಎಂಬುದು ಕಾರಣವಾಗಲಾರದು. ಮಹಾಭಾರತದಲ್ಲಿ ಅವಕ್ಕೆ ಕೊರತೆಯೇ? ನಮ್ಮ ಆಲಂಕಾರಿಕರು ಇದನ್ನು ಬಹಳ ಸೂಕ್ಷ್ಮವಾಗಿ ವಿವೇಚಿಸಿದ್ದಾರೆ. ರಂಗದ ಮೇಲಿನ ಶೋಕ ನೋಡುಗನಿಗೆ ಆಸ್ವಾದ್ಯವಾಗುವುದು ಅದು ಇಂಥವನ ಶೋಕವೆಂಬ ಅಂಟು ಕಳಚಿದಾಗ. ಭಟ್ಟನಾಯಕನು ಇದನ್ನು ಸಾಧಾರಣೀಕರಣವೆಂದು ಕರೆದನು. ಕಾಶ್ಮೀರದ ಅಭಿನವಗುಪ್ತನು ಭರತನ ನಾಟ್ಯಶಾಸ್ತ್ರಕ್ಕೆ ಬರೆದ ವ್ಯಾಖ್ಯಾನದಲ್ಲಿ ರಸಕ್ಕೆ ಏಳು ವಿಘ್ನಗಳನ್ನು ಎಣಿಸಿ, ಸುಖದುಃಖಗಳನ್ನು ತನ್ನದೆಂದೋ ಇನ್ನೊಬ್ಬ ನಿರ್ದಿಷ್ಟ ವ್ಯಕ್ತಿಯದೆಂದೋ ಹಿಡಿದುಕೊಳ್ಳುವುದನ್ನು ಅವುಗಳಲ್ಲಿ ಒಂದೆಂದನು. ವೇಷ, ಪೂರ್ವರಂಗ ಮೊದಲಾದವು ಈ ವಿಘ್ನವನ್ನು ನೀಗುವುದಕ್ಕಾಗಿಯೇ ಇರುವುವೆಂಬುದು ಅವನ ಮತ.

ಈ ತತ್ತ್ವಕ್ಕೆ ನಮ್ಮ ಕಡೆಯಲ್ಲಿಯೇ ನಿದರ್ಶನವುಂಟು. ಮಳೆಗಾಲದಲ್ಲಿ ಯಕ್ಷಗಾನದ ಮೇಳಗಳು ತಿರುಗಾಟ ನಿಲ್ಲಿಸಿದಾಗ ತಾಳಮದ್ದಳೆ ನಡೆಯುವುದಷ್ಟೆ. ಅಲ್ಲಿ ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಪಂಚೆ ಶಾಲು ಹೊದೆದ ಇಬ್ಬರು ಎದುರುಬದುರು ಕುಳಿತು ವಾದಿಸುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯೇಕೆಂದು ವಾಲಿ ರಾಮನನ್ನು ಕೇಳುವಾಗ ಸಭೆಯ ಅರ್ಧ ವಾಲಿಯ ಪಕ್ಷ. ಮಾತು ಇರಿಯುತ್ತದೆ, ಆದರೆ ಇರಿಯುವುದು ವಾಲಿಯ ಮಾತು, ಇರಿಸಿಕೊಳ್ಳುವವನು ರಾಮ. ಇಂದು ವಾಲಿಯಾದವನು ನಾಳೆ ರಾಮನಾಗುವನು. ಮಂಗಳವಾದ ಮೇಲೆ ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಕಾಫಿ ಕುಡಿಯುವರು. ಅಪರೂಪಕ್ಕೆ ಅರ್ಥಧಾರಿಗಳ ಸ್ವಂತ ಹಗೆ ಮಾತಿನಲ್ಲಿ ನುಸುಳಿದರೆ ‘ಯಾಕೋ ವೈಯಕ್ತಿಕವಾಯಿತು’ ಎಂದು ಕೇಳುಗರು ಮುಖ ತಿರುಗಿಸುತ್ತಾರೆ. ಸಂಸ್ಕೃತ ಓದದ ರೈತನಿಗೂ ಈ ಗೆರೆ ಗೊತ್ತು.

ಆ ಟೀವಿ ಮನೆಯಲ್ಲಿ ಈ ಗೆರೆಯೇ ಇಲ್ಲ. ಅಲ್ಲಿ ಅಳುವವಳಿಗೆ ಪಾತ್ರದ ಹೆಸರಿಲ್ಲ, ಅವಳದೇ ಹೆಸರು. ಅವಳ ಅವಮಾನಕ್ಕೆ ಮಂಗಳವಿಲ್ಲ. ಹೊರಗೆ ಬಂದ ಮೇಲೂ ಅದು ಅವಳ ಹಿಂದೆ ಬರುತ್ತದೆ. ಅವರು ಒಪ್ಪಿಯೇ ಹೋದವರಲ್ಲವೆ, ಹಣ ಪಡೆಯುವವರಲ್ಲವೆ ಎಂದರೆ, ಸರಿ, ಅವರಿಗೆ ಅನ್ಯಾಯವಾಯಿತೆಂಬುದು ನನ್ನ ವಾದವಲ್ಲ. ಅವರ ಸಮ್ಮತಿ ಅವರ ಲಾಭನಷ್ಟಗಳ ಮಾತು. ನೋಡುವ ನನ್ನ ಮನಸ್ಸಿನಲ್ಲಿ ಏನಾಗುತ್ತದೆಂಬುದು ಬೇರೆ ಮಾತು. ನಾಟಕದ ದುಃಖ ನನ್ನನ್ನು ಕರಗಿಸುತ್ತದೆ. ನಿಜವಾದ ದುಃಖ ನನ್ನನ್ನು ಎಬ್ಬಿಸಿ ಸಹಾಯಕ್ಕೆ ಕಳುಹಿಸಬೇಕು. ನಿಜವಾದ ದುಃಖವನ್ನು ಕುಳಿತು ನೋಡಿ ಮತ ಹಾಕುವ ಸ್ಥಿತಿಯಲ್ಲಿ ಈ ಎರಡೂ ಇಲ್ಲ. ನನಗೆ ರುಚಿ ಹುಟ್ಟದಿರುವುದಕ್ಕೆ ಇದೇ ಕಾರಣ.

ಆದರೆ ಇಲ್ಲಿಗೆ ವಿಚಾರ ಮುಗಿಯದು. ಪಂಡಿತರ ಅರುಚಿಯೂ ಒಂದು ಇತಿಹಾಸವುಳ್ಳದ್ದು. ಭರತನು ನಾಟ್ಯವನ್ನು ಪಂಚಮವೇದವೆಂದನು. ಮನುಸ್ಮೃತಿಯು ನಟನ ಅನ್ನವನ್ನು ಉಣ್ಣಬಾರದೆಂದು ವಿಧಿಸಿತು. ಬಯಲಾಟವೆಂದರೆ ಮೂಗು ಮುರಿಯುತ್ತಿದ್ದ ವಿದ್ಯಾವಂತರು ನಮ್ಮಲ್ಲಿ ಬಹುಕಾಲ ಇದ್ದರು. 1957ರಲ್ಲಿ ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ ಬಂದು ಅದರ ಶಾಸ್ತ್ರವನ್ನೂ ಸೌಂದರ್ಯವನ್ನೂ ವಿವರಿಸಿತು. ಒಂದು ವಿನೋದವನ್ನು ನಾನು ಒಲ್ಲೆನೆಂಬುದರಿಂದ ಅದು ಹೀನವೆಂದು ಸಿದ್ಧವಾಗುವುದಿಲ್ಲ. ಅದು ಹೀನವೆಂದು ಸಿದ್ಧವಾದರೂ ಅದನ್ನು ಮೆಚ್ಚಿದವನು ಹೀನನೆಂದು ಸಿದ್ಧವಾಗುವುದಿಲ್ಲ. ‘ನನಗೆ ಹಿಡಿಸದು’ ಎಂಬುದು ನನ್ನ ವಿಷಯ, ‘ಇದರಲ್ಲಿ ದೋಷವಿದೆ’ ಎಂಬುದು ವಸ್ತುವಿನ ವಿಷಯ, ‘ಇದನ್ನು ನೋಡುವವರು ಇಂಥವರು’ ಎಂಬುದು ಮನುಷ್ಯರ ವಿಷಯ. ಮೊದಲನೆಯದಕ್ಕೆ ಪ್ರಮಾಣ ಬೇಡ. ಎರಡನೆಯದಕ್ಕೆ ಯುಕ್ತಿ ಬೇಕು. ಮೂರನೆಯದನ್ನು ಹೇಳಲು ಆ ಮನುಷ್ಯರ ಒಳಗನ್ನು ಬಲ್ಲವನಾಗಿರಬೇಕು. ನಾವು ಮೊದಲನೆಯ ಮೆಟ್ಟಿಲಿನಿಂದ ಮೂರನೆಯದಕ್ಕೆ ಹಾರುತ್ತೇವೆ. ಸ್ನೇಹ ಕೆಡುವುದು ಈ ಹಾರಿಕೆಯಲ್ಲಿ.

ಒಳಗನ್ನು ವಿಚಾರಿಸಿದರೆ ಕಾಣುವುದೇ ಬೇರೆ. ನಮ್ಮ ಗುಡ್ಡಗಳಲ್ಲಿ ಮನೆಯಿಂದ ಮನೆಗೆ ಮೈಲಿ ದೂರ. ಮಕ್ಕಳು ಬೆಂಗಳೂರಿನಲ್ಲಿ, ಇನ್ನೂ ಕೆಲವರು ಕಡಲಾಚೆ. ಕಳಸದ ಕಡೆಯ ತೋಟವೊಂದರಲ್ಲಿ ಒಂಟಿಯಾಗಿರುವ ಒಬ್ಬ ವೃದ್ಧೆಯನ್ನು ‘ಅದರಲ್ಲೇನಿದೆಯಮ್ಮ?’ ಎಂದು ಕೇಳಿದೆನು. ‘ಮೇಷ್ಟ್ರೇ, ಅದು ಮುಗಿದ ಕೂಡಲೇ ಮಗಳು ಫೋನು ಮಾಡ್ತಾಳೆ. ಮೊದಲು ಊಟ ಆಯ್ತಾ, ಮಳೆ ಬಂತಾ ಅಂತ ಎರಡು ಮಾತಿಗೆ ಮುಗೀತಿತ್ತು. ಈಗ ಅರ್ಧ ಗಂಟೆ ಜಗಳ ಆಡ್ತೀವಿ, ಯಾರದ್ದು ಸರಿ ಯಾರದ್ದು ತಪ್ಪು ಅಂತ’ ಎಂದರು. ಆ ತಾಯಿ ಸವಿಯುತ್ತಿದ್ದುದು ಮಗಳ ಅರ್ಧ ಗಂಟೆಯನ್ನು. ವಸ್ತುವಿನ ಬಗೆಗೆ ನಾನು ಹೇಳಿದ ದೋಷ ಇದರಿಂದ ಅಳಿಯದು. ಆದರೆ ಆಕೆಯ ರುಚಿಯನ್ನು ಅಳೆಯಲು ನನ್ನ ಶಾಸ್ತ್ರದಲ್ಲಿ ಅಳತೆಗೋಲಿಲ್ಲ.

ಇಂತಿರಲು ಸ್ನೇಹಧರ್ಮವೇನು? ಹಿಡಿಸದುದನ್ನು ಹಿಡಿಸಿತೆಂದು ನಟಿಸುವುದು ಧರ್ಮವಲ್ಲ. ಅದು ಮಿತ್ರನನ್ನು ಮಗುವೆಂದು ಭಾವಿಸಿದಂತೆ. ಕೇಳದೆ ಉಪದೇಶಿಸುವುದೂ ಅಲ್ಲ. ಅವನಿಗೆ ಅದರಲ್ಲಿ ಏನು ಕಂಡಿತೆಂದು ಒಮ್ಮೆ ಮನಸ್ಸಿಟ್ಟು ಕೇಳುವುದು, ನಮ್ಮ ಕಾರಣವನ್ನು ಅವನು ಕೇಳಿದಾಗ ಮರೆಮಾಚದೆ ಹೇಳುವುದು, ಬಳಿಕ ಬೇರೆ ಮಾತಿಗೆ ಹೋಗುವುದು, ಇಷ್ಟು ಸಾಕು. ಗೋಷ್ಠಿ ಒಂಬತ್ತಕ್ಕೆ ಮೊದಲು ಮುಗಿದರೆ ಆರು ಗಂಟೆಗೇ ಆರಂಭಿಸಬಹುದು, ಅದಕ್ಕಾಗಿ ಮುನಿಯಬೇಕಾಗಿಲ್ಲ.

ನೋಡುವ ಮಿತ್ರರಲ್ಲಿಯೂ ಒಂದು ಬಿನ್ನಹವುಂಟು. ವಾಲಿಯನ್ನು ಬೈದರೆ ಕೇಳಲು ವಾಲಿಯಿಲ್ಲ. ಆ ಮನೆಯಲ್ಲಿರುವವರಿಗೆ ಊರಿದೆ, ತಾಯಿತಂದೆಗಳಿದ್ದಾರೆ. ಜಗಲಿಯ ಮೇಲೆ ನಾವಾಡುವ ಮಾತನ್ನೇ ನಾಡಿನ ಸಾವಿರ ಜಗಲಿಗಳಲ್ಲಿ ಆಡುತ್ತಾರೆ. ಮೊಬೈಲಿನಲ್ಲಿ ಬರೆದುದಂತೂ ನೇರವಾಗಿ ಅವರ ಕಣ್ಣಿಗೇ ಬೀಳುತ್ತದೆ. ಯಾರನ್ನು ಮೆಚ್ಚಿದರೂ ಮತವನ್ನು ಯಾರಿಗೆ ಕೊಟ್ಟರೂ ಚಿಂತೆಯಿಲ್ಲ. ಮೆಚ್ಚದವರ ವಿಷಯದಲ್ಲಿ ನಾಲಗೆಯನ್ನು ಸ್ವಲ್ಪ ಹಿಡಿದರೆ, ರಸವಿಘ್ನದ ಪರಿಹಾರವಾಗದಿದ್ದರೂ ಮನುಷ್ಯಧರ್ಮಕ್ಕೆ ಲೋಪ ಬಾರದು. ಇತ್ಯಲಂ.