ಕಾಣದ್ದನ್ನು ಇಲ್ಲವೆನ್ನುವುದು ಯಾವಾಗ?

ಹೊಸ ಡೆಸ್ಕ್‌ಟಾಪ್ ಕಂಪ್ಯೂಟರಿನ ಗುಂಡಿ ಒತ್ತಿದಾಗ ಫ್ಯಾನು ತಿರುಗುತ್ತದೆ, ಪೆಟ್ಟಿಗೆಯೊಳಗೆ ದೀಪ ಹೊತ್ತುತ್ತದೆ, ಮಾನಿಟರ್ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಬೈಂದೂರು, ಕುಂದಾಪುರ, ಬ್ರಹ್ಮಾವರದ ಮನೆಗಳಲ್ಲಿ ಇದೇನೂ ನಡೆಯದ ಸಂಗತಿಯಲ್ಲ. ಇಂಜಿನಿಯರಿಂಗ್ ಓದುವ ಮಕ್ಕಳಿಗೆಂದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಜೋಡಿಸಿದ ಯಂತ್ರ ರಾತ್ರಿ ಬಸ್ಸಿನಲ್ಲಿ ಘಾಟಿ ಇಳಿದು ಬರುತ್ತದೆ. ಇಲ್ಲವೇ ಬಿಡಿಭಾಗಗಳು ಕೊರಿಯರಿನಲ್ಲಿ ಬಂದು ಮನೆಯಲ್ಲೇ ಜೋಡಣೆಯಾಗುತ್ತವೆ. ಕುಂಕುಮ ಹಚ್ಚಿ, ಹೂವಿಟ್ಟು ಗುಂಡಿ ಒತ್ತಿದ ಮೇಲೂ ತೆರೆ ಬೆಳಗದಿದ್ದರೆ ಎರಡು ತೀರ್ಪು ಒಟ್ಟಿಗೇ ಹೊರಬೀಳುತ್ತವೆ: 'ಬೋರ್ಡ್ ಹೋಗಿದೆ' ಎಂಬುದೊಂದು, 'ಗಳಿಗೆ ಸರಿಯಿರಲಿಲ್ಲ' ಎಂಬುದಿನ್ನೊಂದು. ಮೊದಲನೆಯದು ತಾಂತ್ರಿಕ ಮಾತು, ಎರಡನೆಯದು ಧಾರ್ಮಿಕ ಮಾತು ಎನಿಸಿದರೂ ಎರಡರ ಬುಡ ಒಂದೇ. ಚಿತ್ರ ಕಾಣಲಿಲ್ಲ ಎಂಬ ಒಂದೇ ಸಂಗತಿಯನ್ನು ಹಿಡಿದು, ಯಾರೂ ನೋಡದ ಇನ್ನೊಂದರ ಬಗ್ಗೆ ಎರಡೂ ನಿರ್ಣಯ ಕೊಟ್ಟುಬಿಡುತ್ತವೆ. ಕಾಣದಿರುವುದರಿಂದ ಏನನ್ನು ತೀರ್ಮಾನಿಸಬಹುದು ಎಂಬುದು ನಮ್ಮ ದರ್ಶನಗಳು ಶತಮಾನಗಳ ಕಾಲ ವಾದ ಹೂಡಿದ ಪ್ರಶ್ನೆ. ದೇವರ ಇರವಿನ ಚರ್ಚೆ ಎಷ್ಟೋ ಸಲ ಎಡವುವುದೂ ಇಲ್ಲೇ.

ಎದುರಿನ ನೆಲದ ಮೇಲೆ ಗಡಿಗೆ ಇಲ್ಲ ಎಂದು ನಮಗೆ ತಿಳಿಯುವುದು ಹೇಗೆ? ಶಾಸ್ತ್ರಕಾರರ ಮಾಮೂಲು ಉದಾಹರಣೆ ಇದು. ಏಳನೆಯ ಶತಮಾನದ ಸುಮಾರಿನ ಮೀಮಾಂಸಕ ಕುಮಾರಿಲ ಭಟ್ಟ, ಅಭಾವವನ್ನು ತಿಳಿಸಲು ಅನುಪಲಬ್ಧಿ, ಅಂದರೆ ಕಾಣದಿರುವಿಕೆ, ಎಂಬ ಬೇರೆಯೇ ಪ್ರಮಾಣ ಬೇಕು ಎಂದ. ಅದ್ವೈತಿಗಳೂ ಅದನ್ನು ಒಪ್ಪಿದರು. ನೈಯಾಯಿಕರು ಒಪ್ಪಲಿಲ್ಲ, ಬರಿದಾದ ನೆಲವನ್ನು ಕಂಡಂತೆಯೇ ಗಡಿಗೆಯ ಅಭಾವವನ್ನೂ ಕಣ್ಣೇ ಕಾಣುತ್ತದೆ ಎಂಬುದು ಅವರ ವಾದ. ಇದೇ ಕರಾವಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಪ್ರತ್ಯಕ್ಷ, ಅನುಮಾನ ಎಂಬ ತರ್ಕ, ಆಗಮ ಎಂಬ ಶಾಸ್ತ್ರವಚನ ಈ ಮೂರು ಪ್ರಮಾಣಗಳನ್ನಷ್ಟೇ ಇಟ್ಟುಕೊಂಡು, ಅಭಾವದ ಅರಿವನ್ನು ಅವುಗಳೊಳಗೇ ಅಡಗಿಸಿದರು. ಬೌದ್ಧರ ಧರ್ಮಕೀರ್ತಿಯ ದಾರಿ ಇನ್ನೊಂದು. ಇವರ ನಡುವೆ ಉಳಿದದ್ದರಲ್ಲಿ ಎಷ್ಟೇ ಭಿನ್ನಮತವಿರಲಿ, ಬರಿದೇ ಕಾಣದಿರುವುದು ಸಾಲದು ಎಂಬ ಎಚ್ಚರ ಈ ಚರ್ಚೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಷ್ಟು ಅನುಕೂಲ ಒದಗಿರಬೇಕು. ಕತ್ತಲೆ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆಂದಾಗದು. ಸ್ವಭಾವದಿಂದಲೇ ಕಣ್ಣಿಗೆ ಸಿಗದ್ದು, ದೂರದೇಶದಲ್ಲಿರುವುದು, ಬೇರೆ ಕಾಲದಲ್ಲಿರುವುದು ಕಾಣದಿದ್ದರೆ ಅದರಿಂದ ಹುಟ್ಟುವುದು ಸಂಶಯ ಮಾತ್ರ, ನಿರ್ಣಯವಲ್ಲ ಎಂದು ಧರ್ಮಕೀರ್ತಿ ಗೆರೆ ಎಳೆದೇ ಹೇಳಿದ.

ಕಪ್ಪು ತೆರೆಯನ್ನು ಈ ಒರೆಗೆ ಹಚ್ಚಿ ನೋಡಬೇಕು. ಚಿತ್ರವಿಲ್ಲ ಎಂಬುದು ಗಟ್ಟಿ ಸತ್ಯ. ಬೆಳಕಿದೆ, ಕಣ್ಣಿದೆ, ತೆರೆ ಎದುರಿಗಿದೆ. ಆದರೆ ಯಂತ್ರ ಸತ್ತಿದೆ ಎಂಬುದು ಬೇರೆಯೇ ಮಾತು. ಯಂತ್ರ ಬದುಕಿದ್ದರೆ ಚಿತ್ರ ಬಂದೇ ಬರುತ್ತಿತ್ತು ಎನ್ನಲು ನಡುವಿನ ಕೊಂಡಿಗಳೆಲ್ಲ ಕೂಡಿರಬೇಕು. ಪೆಟ್ಟಿಗೆಯ ಹಿಂಬದಿಯಲ್ಲಿ ಎಚ್‌ಡಿಎಂಐ ಕಿಂಡಿಗಳು ಎರಡು ಕಡೆ ಇರುವುದುಂಟು: ಮೇಲ್ಭಾಗದಲ್ಲಿ ಮದರ್‌ಬೋರ್ಡಿನದು, ಕೆಳಗೆ ಅಡ್ಡಲಾಗಿ ಗ್ರಾಫಿಕ್ಸ್ ಕಾರ್ಡಿನದು. ಇಂಟೆಲ್‌ನ ಐ5-12400ಎಫ್‌ನಂಥ, ಹೆಸರಿನ ಕೊನೆಗೆ 'ಎಫ್' ಇರುವ ಪ್ರೊಸೆಸರುಗಳೊಳಗೆ ಚಿತ್ರ ಮೂಡಿಸುವ ಭಾಗವೇ ಕೆಲಸ ಮಾಡದು. ಅಂಥ ಯಂತ್ರದಲ್ಲಿ ಕೇಬಲ್ಲನ್ನು ಮೇಲಿನ ಕಿಂಡಿಗೆ ಚುಚ್ಚಿದರೆ ಒಳಗೆ ಎಲ್ಲವೂ ಸರಿಯಾಗಿ ನಡೆಯುತ್ತಿದ್ದರೂ ತೆರೆ ಕಪ್ಪೇ. ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ ನೋಡಿದರೆ ಅದರ ಪುಟ್ಟ ದೀಪ ಹೊತ್ತಿ ಆರುವುದುಂಟು. ತೆರೆ ಹೇಳದ ಸುದ್ದಿಯನ್ನು ಆ ದೀಪ ಹೇಳುತ್ತದೆ. ಮಾನಿಟರ್ ಬೇರೆ ಕಿಂಡಿಯ ಕಡೆ ಕಾಯುತ್ತಿರಬಹುದು. ಪ್ರೊಸೆಸರಿಗೆಂದೇ ಇರುವ ಎಂಟು ಪಿನ್ನಿನ ವಿದ್ಯುತ್ ಕೇಬಲ್ ಸಿಕ್ಕಿಸಲು ಮರೆತಿರಬಹುದು. ಆಗಲೂ ಫ್ಯಾನು ತಿರುಗುತ್ತದೆ. ಘಾಟಿಯ ತಿರುವುಗಳಲ್ಲಿ ಕುಲುಕಿ ಭಾರದ ಗ್ರಾಫಿಕ್ಸ್ ಕಾರ್ಡೋ ರ್‍ಯಾಮ್ ಪಟ್ಟಿಯೋ ಒಂದೆಳೆ ಮೇಲೆದ್ದಿರಬಹುದು. ಇವುಗಳಲ್ಲಿ ಒಂದರಲ್ಲೂ ಯಾವ ಭಾಗವೂ ಕೆಟ್ಟಿಲ್ಲ.

ಹೊಸ ಯಂತ್ರಕ್ಕೇ ಸಲ್ಲುವ ಇನ್ನೊಂದು ವಿವೇಕವನ್ನೂ ಶಾಸ್ತ್ರ ಒದಗಿಸುತ್ತದೆ. ವಸ್ತು ಹುಟ್ಟುವ ಮುಂಚಿನ ಅಭಾವ ಪ್ರಾಗಭಾವ, ಇದ್ದದ್ದು ನಾಶವಾದ ಮೇಲಿನದು ಪ್ರಧ್ವಂಸಾಭಾವ. ನಿನ್ನೆ ಸಂಜೆಯವರೆಗೆ ನಡೆದ ಹಳೆ ಕಂಪ್ಯೂಟರ್ ಇವತ್ತು ಕಪ್ಪಾದರೆ ಏನೋ ಕೆಟ್ಟಿದೆ ಎನ್ನುವುದಕ್ಕೆ ಆಧಾರವಿದೆ. ಮಳೆಗಾಲದ ಸಿಡಿಲು ಕಂಡ ನಮ್ಮೂರಿನಲ್ಲಂತೂ ಆ ಶಂಕೆ ಸಹಜ. ಒಮ್ಮೆಯೂ ಬೆಳಗದ ಯಂತ್ರದ ಲೆಕ್ಕ ಬೇರೆ. ಅಲ್ಲಿ ಏನೋ ಹೋಗಿದೆ ಎನ್ನುವುದಕ್ಕಿಂತ ಏನೋ ಇನ್ನೂ ಕೂಡಿಲ್ಲ ಎಂದು ತೊಡಗುವುದು ನ್ಯಾಯ. ಡಿಡಿಆರ್5 ರ್‍ಯಾಮ್ ಇರುವ ಯಂತ್ರಗಳು ಮೊದಲ ಸಲ ಚಾಲೂ ಆದಾಗ ರ್‍ಯಾಮಿನ ವೇಗ, ಹೊಂದಾಣಿಕೆಗಳನ್ನು ತಾವೇ ಪರೀಕ್ಷಿಸಿಕೊಳ್ಳುತ್ತವೆ. ಕೆಲವೊಮ್ಮೆ ಹಲವು ನಿಮಿಷ ತೆರೆ ಕಪ್ಪಾಗಿರುವುದು ಆ ಕೆಲಸದ ಲಕ್ಷಣವೇ. ತಾಳ್ಮೆಗೆಟ್ಟು ಮಧ್ಯೆ ಸ್ವಿಚ್ ಆರಿಸಿದರೆ ಕೆಲಸ ಮತ್ತೆ ಮೊದಲಿನಿಂದ. ಹುಟ್ಟುತ್ತಿರುವುದನ್ನು ಸತ್ತಿದೆ ಎಂದು ತಿಳಿದವರು, ಹುಟ್ಟದಂತೆ ತಾವೇ ತಡೆಯುತ್ತಾರೆ.

ಇದಕ್ಕೆ ಅಂಗಡಿಯವರ ಕಡೆಯಿಂದ ಒಂದು ಆಕ್ಷೇಪವುಂಟು. ಇಷ್ಟೆಲ್ಲ ತರ್ಕ ಯಾಕೆ, ಅನುಭವಿ ಮೆಕ್ಯಾನಿಕ್ ನೋಡಿದ ಕೂಡಲೇ ಹೇಳುತ್ತಾನೆ, ಅದು ನಿಜವೂ ಆಗುತ್ತದೆ ಎಂದು. ಆಗಬಹುದು. ಆದರೆ ಅವನ ಮಾತಿಗೆ ಬಲ ಬಂದದ್ದು ಕಪ್ಪು ತೆರೆಯಿಂದಲ್ಲ, ಮುಂಚೆ ಒಂದೊಂದನ್ನೇ ಬಿಚ್ಚಿ, ಬದಲಿಸಿ ನೋಡಿದ ನೂರಾರು ಯಂತ್ರಗಳಿಂದ. ಅವನ ಕ್ಷಣದ ತೀರ್ಪಿನ ಹಿಂದೆ, ಇಂಥ ಲಕ್ಷಣವಿದ್ದಲ್ಲಿ ಇಂಥ ದೋಷ ಎಂಬ ವ್ಯಾಪ್ತಿಜ್ಞಾನ ನಿಂತಿದೆ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಕಾಣುವ ಅನುಕೂಲ ಇರಲಿಲ್ಲ ಎಂಬ ನೆಪ ಒಮ್ಮೆ ಸಿಕ್ಕರೆ ಯಾವುದನ್ನೂ ಇಲ್ಲ ಎನ್ನಲಾಗದು, ಎಲ್ಲ ಮೂಢನಂಬಿಕೆಗೂ ಇದೇ ಆಸರೆಯಾದೀತು ಎಂಬುದು. ಉತ್ತರ ಯಂತ್ರದಲ್ಲೇ ಇದೆ. ಬೋರ್ಡು, ಪ್ರೊಸೆಸರು, ಒಂದೇ ಒಂದು ರ್‍ಯಾಮ್ ಪಟ್ಟಿ, ಬೇರೆ ಕಡೆ ನಡೆದು ತೋರಿಸಿದ ಪವರ್ ಸಪ್ಲೈ, ಗ್ರಾಫಿಕ್ಸ್ ಕಾರ್ಡ್, ಮಾನಿಟರು ಇಷ್ಟನ್ನೇ ಇಟ್ಟು, ಪ್ರೊಸೆಸರನ್ನೂ ರ್‍ಯಾಮನ್ನೂ ಬದಲಿಸಿ ನೋಡಿ, ಆ ಪ್ರೊಸೆಸರಿಗೆ ಬೋರ್ಡಿನ ಬಯಾಸ್ ಹೊಂದುತ್ತದೆಂದು ಖಚಿತಪಡಿಸಿಕೊಂಡ ಮೇಲೂ ತೆರೆ ಬೆಳಗದಿದ್ದರೆ, ಬೋರ್ಡ್ ಕೆಟ್ಟಿದೆ ಎಂದು ಧೈರ್ಯವಾಗಿ ಹೇಳಬಹುದು. ಅಂದರೆ ಈ ನಿಯಮ ಇಲ್ಲವೆನ್ನುವುದನ್ನು ತಡೆಯುವುದಿಲ್ಲ, ಅದಕ್ಕೊಂದು ಬೆಲೆ ಕಟ್ಟುತ್ತದೆ. ಇದೆ ಎನ್ನುವವನಿಗೂ ಬಿಡುಗಡೆಯಿಲ್ಲ: ಯಾವ ಅನುಕೂಲ ಒದಗಿದರೆ ಕಾಣಬೇಕು ಎಂಬುದನ್ನು ಅವನು ಪರೀಕ್ಷೆಗೆ ಮೊದಲೇ ಹೇಳಬೇಕು. ಪ್ರತಿ ಸೋಲಿನ ನಂತರ ಹೊಸ ನೆಪ ತೆಗೆಯುವವನ ಮಾತಿಗೆ ಅಲ್ಲಿ ಎಡೆಯಿಲ್ಲ.

ಈಗ ಗಳಿಗೆಯ ಮಾತಿಗೆ ಬರೋಣ. ಕಣ್ಣಿಗೆ ಸಿಗುವ ಕಾರಣ ಒಪ್ಪುವಂತಿರುವಾಗ ಸಿಗದ ಕಾರಣವನ್ನು ಕಲ್ಪಿಸುವುದು ಅನ್ಯಾಯ ಎಂಬುದು ಮೀಮಾಂಸಕರೇ ಪಾಲಿಸಿದ ನಿಯಮ. ಕೇಬಲ್ ನೋಡದೆ ಮುಹೂರ್ತವನ್ನು ದೂರುವುದು ಶಾಸ್ತ್ರದ ಪ್ರಕಾರವೂ ತಪ್ಪು. ಹಾಗೆಂದು ಆಯುಧಪೂಜೆಯ ದಿನ ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚುವವರನ್ನು ಇಲ್ಲಿ ಹಳಿಯಬೇಕಿಲ್ಲ. ಅದು ಕೆಲಸದ ಸಾಧನಕ್ಕೆ ಸಲ್ಲಿಸುವ ಗೌರವ, ತೆರೆ ಬೆಳಗಿಸುವ ಉಪಾಯವಲ್ಲ. ಉಪಾಯ ಎಂದು ಯಾರಾದರೂ ಹೇಳಿದರೆ ಅದು ಫಲ ಕಾಣಬೇಕಾದ ಮಾತಾಯಿತು. ಫಲ ಕಾಣದಿದ್ದರೆ ಇಲ್ಲವೆನ್ನಲು ನಮಗೆ ಹಕ್ಕಿದೆ. ತಾಯತ, ಮಂತ್ರಿಸಿದ ತಗಡು, ಪವಾಡಗಳ ಮಾತೆಲ್ಲ ಈ ಸಾಲಿಗೇ ಸೇರುತ್ತದೆ.

ದೇವರ ಪ್ರಶ್ನೆ ಈ ಸಾಲಿನದಲ್ಲ. ಕಾಣದ್ದು ಇಲ್ಲ ಎಂದ ಚಾರ್ವಾಕನನ್ನು ಹತ್ತನೆಯ ಶತಮಾನದ ನೈಯಾಯಿಕ ಉದಯನ ತನ್ನ ನ್ಯಾಯಕುಸುಮಾಂಜಲಿಯಲ್ಲಿ ಚುಡಾಯಿಸಿದ್ದಾನೆ: ಮನೆಯಿಂದ ಹೊರಬಿದ್ದ ಕೂಡಲೇ ಹೆಂಡತಿ ಮಕ್ಕಳು ಕಾಣುವುದಿಲ್ಲ, ಇನ್ನು ಅವರಿಲ್ಲವೆಂದು ಅವನು ಗೋಳಾಡಬೇಕಾಗುತ್ತದೆ! ಕಣ್ಣಿಗೆ ಸಿಗುವವನು ದೇವರು ಎಂದು ಶಾಸ್ತ್ರ ಹೇಳಿಯೇ ಇಲ್ಲ. ಆದ್ದರಿಂದ ಕಣ್ಣಿಗೆ ಸಿಗಲಿಲ್ಲ ಎಂಬ ಆಧಾರದ ಮೇಲೆ ನಿಂತ ನಾಸ್ತಿಕವಾದ ಸೋಲುತ್ತದೆ. ಆದರೆ ಆಸ್ತಿಕನೂ ಇಲ್ಲಿಗೇ ಗೆದ್ದೆನೆಂದು ಎದ್ದು ಹೋಗುವಂತಿಲ್ಲ. ಇಲ್ಲವೆಂದು ಸಾಧಿಸಲಾಗದ್ದು ಇದೆ ಎಂದಾಗುವುದಾದರೆ, ಪೆಟ್ಟಿಗೆ ತೆರೆಯದೆಯೇ ಬೋರ್ಡ್ ಸರಿಯಿದೆ ಎಂದೂ ಹೇಳಿಬಿಡಬಹುದಿತ್ತು. ದೇವರನ್ನು ಬರಿಯ ಅನುಮಾನದಿಂದ ಸಾಧಿಸಲಾಗದು, ಆಗಮವೇ ಆಧಾರ ಎಂದ ಮಧ್ವಾಚಾರ್ಯರ ನಿಲುವು ಈ ಕಾರಣಕ್ಕೇ ಪ್ರಾಮಾಣಿಕವಾದದ್ದು. ಆ ಆಗಮವನ್ನು ಒಪ್ಪುವುದೇ ಬಿಡುವುದೇ ಎಂಬುದು ಬೇರೆ ಚರ್ಚೆ. ಕಾಣದಿರುವಿಕೆ ಅದಕ್ಕೆ ಪರವಾಗಿಯೂ ಸಾಕ್ಷಿ ಹೇಳದು, ವಿರೋಧವಾಗಿಯೂ ಹೇಳದು. ಪರೀಕ್ಷೆಗೆ ನಿಂತ ಪ್ರತ್ಯಕ್ಷವನ್ನು ಅದರ ಕ್ಷೇತ್ರದಲ್ಲಿ ಆಗಮವೂ ಅಲ್ಲಗಳೆಯಲಾಗದು ಎಂದು ಅದೇ ಮತ ಹೇಳುತ್ತದೆ ಎಂಬುದನ್ನು ಮರೆಯಬಾರದು.

ಶಾಸ್ತ್ರವನ್ನು ಕಂಪ್ಯೂಟರಿನ ಮಟ್ಟಕ್ಕೆ ಇಳಿಸಿದಂತಾಯಿತಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ಗಡಿಗೆ, ಹಗ್ಗ, ಹಾವು, ಹೊಗೆಗಳನ್ನು ಹಿಡಿದೇ ಬೆಳೆದ ಶಾಸ್ತ್ರಕ್ಕೆ ಮಾನಿಟರ್ ಮೈಲಿಗೆಯಾಗಲಾರದು. ಕುಂಭಾಶಿಯ ಸಮೀಪದ ಹೂವಿನಕೆರೆಯಲ್ಲಿ ಹುಟ್ಟಿದ ವಾದಿರಾಜರು ಮಧ್ವಮತವನ್ನು ಸಮರ್ಥಿಸಿದ ಗ್ರಂಥಕ್ಕೆ ಯುಕ್ತಿಮಲ್ಲಿಕಾ ಎಂದೇ ಹೆಸರಿಟ್ಟರು. ಭಕ್ತಿಗೆ ಯುಕ್ತಿ ಹೊರಗಿನದು ಎಂದು ಈ ಸೀಮೆ ಎಂದೂ ತಿಳಿದದ್ದಿಲ್ಲ. ಹಾಗಾಗಿ ತೆರೆ ಕಪ್ಪಾಗಿದ್ದರೆ ಮೊದಲು ಕೇಬಲ್ ಯಾವ ಕಿಂಡಿಯಲ್ಲಿದೆ ನೋಡಿ, ವಿದ್ಯುತ್ ಸಂಪರ್ಕ ಪೂರ್ತಿ ತೆಗೆದು ರ್‍ಯಾಮ್ ಒತ್ತಿ ಕೂರಿಸಿ, ಮತ್ತೆ ಹೊತ್ತಿಸಿ ಕೆಲವು ನಿಮಿಷ ಕಾಯಿರಿ. ಯಂತ್ರದ ಬಗ್ಗೆಯಾಗಲಿ, ದೇವರ ಬಗ್ಗೆಯಾಗಲಿ, ಇಲ್ಲ ಎನ್ನುವ ಮುನ್ನ ಇದ್ದಿದ್ದರೆ ನನಗೆ ಕಾಣುತ್ತಿತ್ತೇ ಎಂದು ಕೇಳಿಕೊಳ್ಳಿ; ಆ ಪ್ರಶ್ನೆಗೆ ಉತ್ತರ ಸಿಗುವ ತನಕ ತೀರ್ಪು ಕೊಡಬೇಡಿ.