ಕೆತ್ತಿದ ಕೈಗೊಂದು ಹೆಸರು

ಮುದ್ದೇನಹಳ್ಳಿಯ ಮಗ ಸರ್ ಎಂ. ವಿಶ್ವೇಶ್ವರಯ್ಯನವರ ಚಿತ್ರವಿರುವ 15 ನಯಾ ಪೈಸೆಯ ಅಂಚೆಚೀಟಿ 1960ರ ಸೆಪ್ಟೆಂಬರ್ 15ರಂದು ಹೊರಬಂತು. ಬದುಕಿರುವವರ ಮುಖ ಚೀಟಿಗೆ ಹತ್ತುವುದು ಅಪರೂಪ; ಎರಡು ವರ್ಷ ಮೊದಲು ಮಹರ್ಷಿ ಕರ್ವೆಯವರಿಗೆ ಸಂದ ಆ ಗೌರವ ಈಗ ಚಿಕ್ಕಬಳ್ಳಾಪುರದ ಸೀಮೆಗೂ ಬಂದಿತ್ತು. ಆ ಮುಖವನ್ನು ಚೀಟಿಗಿಳಿಸಿದವರು ಯಾರು? ಚೀಟಿಯ ಮೇಲೆ ಅವರ ಹೆಸರಿಲ್ಲ.

ಅದೇ ವರ್ಷ ಫ್ರಾನ್ಸಿನಲ್ಲೂ ಒಂದು ಮುಖ ಅಚ್ಚಾಯಿತು: ಅಲ್ಲಿನ ಗಣರಾಜ್ಯದ ಸಂಕೇತವಾದ ಮರಿಯಾನ್ ಎಂಬ ಹೆಣ್ಣಿನದು. ಚಿತ್ರ ಬರೆದವರು ಆಲ್ಬೆರ್ ಡೆಕಾರಿಸ್, ಕೆತ್ತಿದವರು ಜೂಲ್ ಪಿಯೆಲ್. ಸಂಗ್ರಾಹಕರ ಬಾಯಲ್ಲಿ ಇಂದಿಗೂ ಅದು ‘ಡೆಕಾರಿಸರ ಮರಿಯಾನ್’. ಕಲಾವಿದರ, ಕೆತ್ತನೆಗಾರರ ಹೆಸರನ್ನು ಚಿತ್ರದ ಕೆಳಗಿನ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಹಾಕುವುದು ಅಲ್ಲಿನ ಹಳೆಯ ರೂಢಿ.

ಡೆಕಾರಿಸ್ ತಾವೇ ನೂರಾರು ಚೀಟಿಗಳನ್ನು ಕೆತ್ತಿದವರು. ಚೀಟಿಯಷ್ಟೇ ಅಳತೆಯಲ್ಲಿ ಉಕ್ಕಿನ ಮೇಲೆ ಕೆತ್ತನೆ, ಕೈಯಲ್ಲಿ ಬ್ಯೂರಿನ್ ಎಂಬ ಚೂಪು ಉಳಿ, ಕಣ್ಣಿಗೆ ಭೂತಗನ್ನಡಿ. ಅಚ್ಚಾದಾಗ ನೆಟ್ಟಗೆ ಕಾಣಬೇಕಾದದ್ದನ್ನೆಲ್ಲ ತಿರುಗುಮುರುಗಾಗಿ ಕೊರೆಯಬೇಕು. ಕೆನ್ನೆಯ ಮೇಲಿನ ನೆರಳೆಂದರೆ ಒತ್ತೊತ್ತಾದ ಗೀರುಗಳು. ಗೀರು ಆಳವಾದಷ್ಟೂ ಮಸಿ ಹೆಚ್ಚು ಹಿಡಿಯುತ್ತದೆ. ಕೈ ಜಾರಿದರೆ ಉಕ್ಕು ಸುಲಭಕ್ಕೆ ಕ್ಷಮಿಸುವುದಿಲ್ಲ.

ಇಷ್ಟು ದುಡಿದವರು ತಮ್ಮ ಹೆಸರನ್ನು ಉಳಿಸಿಕೊಳ್ಳಬೇಕೇ, ಬಿಡಬೇಕೇ? ‘ನಾನು ಮಾಡಿದೆ’ ಎಂಬ ಭಾವವೇ ಬಂಧನ ಎಂದು ನಂಬಿದ ನಾಡು ಇದು. ಚಿಂತಾಮಣಿ ಬಳಿಯ ಕೈವಾರದ ಸಂತಕವಿ ತಾತಯ್ಯ ತಮ್ಮ ಪದಗಳನ್ನು ಅಮರನಾರೇಯಣನ ಅಂಕಿತಕ್ಕೆ ಒಪ್ಪಿಸಿದರು. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಸಾಲುಸಾಲಾಗಿ ನಿಂತ ನಾಗರಕಲ್ಲುಗಳನ್ನು ಕಡೆದವರು ಯಾರೆಂದು ಭಕ್ತರು ಕೇಳುವುದಿಲ್ಲ.

ಆದರೆ ಈ ಎರಡು ಒಂದೇ ಅಲ್ಲ. ತಾತಯ್ಯನವರಿಗೆ ಬಿಡಲು ಒಂದು ಹೆಸರಿತ್ತು, ಬಿಟ್ಟರು. ಕಲ್ಲುಕುಟಿಗನ ಹೆಸರನ್ನು ಯಾರೂ ಕೇಳಲೇ ಇಲ್ಲ. ಕೇಳದೆ ಕಳೆದುಹೋದದ್ದನ್ನು ತ್ಯಾಗವೆಂದು ಹೊಗಳುವುದು ಅನ್ಯಾಯ. ನಂದಿ ಗ್ರಾಮದ ಶಿವಾಲಯವನ್ನು ಬಾಣರ ರಾಣಿ ರತ್ನಾವಳಿ ಕಟ್ಟಿಸಿದಳೆಂದು 806ರ ತಾಮ್ರಶಾಸನ ಹೇಳುತ್ತದೆ. ಕಟ್ಟಿಸಿದವಳ ಹೆಸರು ಹನ್ನೆರಡು ಶತಮಾನ ದಾಟಿ ಬಂತು. ಅದೇ ಭೋಗನಂದೀಶ್ವರನ ಗುಡಿಯ ಕಲ್ಯಾಣಮಂಟಪದ ಕರಿಕಲ್ಲಿನಲ್ಲಿ ಬಳ್ಳಿ ಹಬ್ಬಿಸಿದ ಕೈ ಯಾರದೆಂದು ಊರಿಗೆ ತಿಳಿಯದು.

ಹೊಯ್ಸಳ ರೂವಾರಿಗಳು ಬೇರೆ ದಾರಿ ಹಿಡಿದರು. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ, ಸೋಮನಾಥಪುರದಲ್ಲಿ ಮಲ್ಲಿತಮ್ಮ ವಿಗ್ರಹದ ಕೆಳಗೇ ಹೆಸರು ಕೊರೆದರು. ಇದರಿಂದ ದೇವರಿಗೇನೂ ಕೊರತೆಯಾಗಲಿಲ್ಲ. ಹಾಗೆ ಹೆಸರು ಹಾಕುವುದರಲ್ಲಿ ಹೆಮ್ಮೆಗಿಂತ ಹೆಚ್ಚಾಗಿ ಹೊಣೆಯಿದೆ: ತಪ್ಪಿದ್ದರೆ ನನ್ನನ್ನು ಕೇಳಿ ಎಂಬ ಮಾತು ಅದು.

ಶಿಡ್ಲಘಟ್ಟದಲ್ಲಿ ಈ ಪ್ರಶ್ನೆ ಇನ್ನೂ ಬಿಸಿಯಾಗಿದೆ. ಕುದಿಯುವ ನೀರಿನಲ್ಲಿ ಬೆಂದ ರೇಷ್ಮೆಗೂಡಿನ ಎಳೆಯ ತುದಿ ಹುಡುಕಿ, ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳನ್ನು ಕೂಡಿಸಿ ನೂಲು ಬಿಚ್ಚುವ ಹೆಂಗಸರ ಬೆರಳುಗಳು ನೀರಿನಲ್ಲೇ ನೆಂದು ಬೆಳ್ಳಗಾಗಿರುತ್ತವೆ. ಆ ನೂಲು ಸೀರೆಯಾದಾಗ ಡಬ್ಬದ ಮೇಲೆ ಕಾಣುವುದು ಅಂಗಡಿಯ ಹೆಸರು.